ಏನೂ ಮಾಡಾಕಿಲ್ಲ ಬನ್ನಿ

ನಮ್ಮದು ಅಕ್ಕಸಾಲಿ ಕೆಲಸ, ಊರು ಕೆ.ಆರ್. ಪೇಟೆ. ಈ ಸೀಮೇಲಿ ಅರ್ಧ ಜನಕ್ಕೆ ಕಿವಿ ಚುಚ್ಚಿದ್ದು ಈ ಕೈಯೇ. ಚುಚ್ಚೋ ಮುಂಚೆ ಮಗೂಗೆ ಒಂದು ಮಾತು ಅಂತೀನಿ: "ಏನೂ ಮಾಡಾಕಿಲ್ಲ ಕಣವ್ವ." ಅಂದು ಅಂದು ಅಭ್ಯಾಸ ಆಗಿ, ಈ ಹಾಳು ಬಾಯಿ ಕಂಡಕಂಡದ್ದಕ್ಕೆಲ್ಲ ಅದನ್ನೇ ಅಂದ್ಬುಡುತ್ತೆ. ಸುಡೋ ಕಾಫಿ ಏನೂ ಮಾಡಾಕಿಲ್ಲ, ಮುರುಕಲು ಕುರ್ಚಿ ಏನೂ ಮಾಡಾಕಿಲ್ಲ, ಬೀಗರ ಸಿಟ್ಟು ಏನೂ ಮಾಡಾಕಿಲ್ಲ. ಹಂಗಾಗಿ ನಮ್ಮನೇಲಿ ಏನಾದರೊಂದು ಆಗ್ತಾನೇ ಇರುತ್ತೆ.

ಮಗಳ ಮಗಳು ಹುಟ್ಟಿದಾಗಲೇ ಅವಳ ಕಿವಿಗೆ ಅಂತ ಚಿನ್ನದ ತಂತಿ ಎಳೆದು ಡಬ್ಬೀಲಿಟ್ಟಿದ್ದೆ. ಒಂದು ಸಲ ಬೀಗರ ಮನೇಲಿ ಸೂತಕ, ಇನ್ನೊಂದು ಸಲ ಮಗೂಗೆ ಜ್ವರ. ಹಿಂಗೇ ಮುಂದಕ್ಕೆ ಹೋಗಿ ಅವಳಿಗೆ ಐದು ತುಂಬಿಬುಡ್ತು. ನನ್ನ ಕೈಯಿಂದಲೇ ಚುಚ್ಚಬೇಕು ಅನ್ನೋದೊಂದೇ ಆಸೆ.

ನಾಯಿ

ಸಂತೆಬಾಚಹಳ್ಳಿಯಿಂದ ಗೌಡರೊಬ್ಬರು ಓಲೆ ರಿಪೇರಿಗೆ ಬಂದರು. ಬಾಗಿಲಲ್ಲಿ ನಮ್ಮ ನಾಯಿ ಗುರ್ ಅಂತು. ಮೊಮ್ಮಗಳು ಜಗಲಿ ಮೇಲೆ ಕೂತು ನೋಡ್ತಿದ್ದಳು. ನಾನು ಒಳಗಿನಿಂದಲೇ, "ಬನ್ನಿ ಗೌಡ್ರೇ, ಏನೂ ಮಾಡಾಕಿಲ್ಲ" ಅಂದೆ.

ಗೌಡರು ಒಳಗೆ ಬಂದರು, ಪಟಾಪಟಿ ಚಡ್ಡೀಲಿ.

"ನೀವಂದಂಗೇ ನಂಗೇನೂ ಮಾಡ್ಲಿಲ್ಲ ಆಚಾರ್ರೇ. ಪಂಚೆ ಮಾತ್ರ ಅದರ ಬಾಯಲ್ಲಿ ಅದೆ."

ಕೋತಿ

ಮೊಮ್ಮಗಳನ್ನ ಕರ್ಕೊಂಡು ಕರಿಘಟ್ಟದ ದೇವಸ್ಥಾನಕ್ಕೆ ಹೋದೆವು. ಮೆಟ್ಟಿಲ ತುಂಬ ಕೋತಿ. ನನ್ನ ಹೆಂಡತಿ ಹಣ್ಣುಕಾಯಿ ಬುಟ್ಟೀನ ಸೆರಗಲ್ಲಿ ಮುಚ್ಚಿಕೊಂಡಳು. "ಮುಚ್ಚಿದ್ರೇನೇ ಅವಕ್ಕೆ ಅನುಮಾನ ಕಣೇ. ತೆಗಿ, ಏನೂ ಮಾಡಾಕಿಲ್ಲ" ಅಂದೆ. ತೆಗೆದಳು. ಒಂದು ಕೋತಿ ಬುಟ್ಟಿ ಎತ್ಕೊಂಡೋಯ್ತು, ಇನ್ನೊಂದು ಮಗೂ ಕೈಲಿದ್ದ ಬಿಸ್ಕತ್ತು ಕಿತ್ಕೊಂಡೋಯ್ತು. ಮಗು ಕಿಟಾರನೆ ಕಿರುಚಿ ಅಜ್ಜಿ ಸೊಂಟ ಹತ್ತಿತು. ಬೆಟ್ಟ ಇಳಿಯೋವರೆಗೂ ನನ್ನ ಹತ್ರ ಬರಲಿಲ್ಲ.

ಮೇಲೆ ಪೂಜಾರಿಗಳು ಕೇಳಿದರು, "ಎಲ್ಲಿ ತಾಯಿ, ಹಣ್ಣುಕಾಯಿ?"

"ಮರದ ಮೇಲವೆ ಸ್ವಾಮಿ. ಮಂತ್ರ ಒಸಿ ಗಟ್ಟಿಯಾಗಿ ಹೇಳಿ" ಅಂದಳು ನನ್ನ ಹೆಂಡತಿ.

ಕಿವಿ

ಕೊನೆಗೂ ಒಂದು ಒಳ್ಳೇ ದಿನ ನೋಡಿ, ಮೊಮ್ಮಗಳನ್ನ ಸೋದರಮಾವನ ತೊಡೆ ಮೇಲೆ ಕೂರಿಸಿದೆವು. ತಟ್ಟೇಲಿ ಅಕ್ಕಿ, ಬೆಲ್ಲ, ಎಲೆಅಡಿಕೆ. ತಂತಿ ಮೊನೆಗೆ ಎಣ್ಣೆ ಸವರಿ, ಅವಳ ಕಿವಿ ಹಿಡಿದು, ಅದೇ ಮಾತು ಅಂದೆ.

ಅವಳು ತಿರುಗಿ ನನ್ನನ್ನೇ ನೋಡಿದಳು. "ನಾಯಿಗೂ ಅಂಗೇ ಅಂದೆ. ಕೋತಿಗೂ ಅಂಗೇ ಅಂದೆ."

ತೊಡೆಯಿಂದ ಜಾರಿ ಅಡಿಗೆಮನೆ ಬಾಗಿಲ ಹಿಂದೆ ಸೇರಿಕೊಂಡಳು. ಮನೆಮಂದಿಯೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ನಕ್ಕೆ. ಬೆಲ್ಲ ತೋರಿಸಿದೆ, ಗೊಂಬೆ ತರ್ತೀನಿ ಅಂದೆ. ಜಪ್ಪಯ್ಯ ಅಂದರೂ ಬರಲಿಲ್ಲ. ಊರ ಮಕ್ಕಳೆಲ್ಲ ನಂಬಿದ ಮಾತನ್ನ ನಾಯಿಗೂ ಕೋತಿಗೂ ಖರ್ಚು ಮಾಡಿ, ನನ್ನ ಕೂಸಿಗೆ ಬೇಕಾದಾಗ ಬರಿಗೈಯಾಗಿದ್ದೆ.

ಮುಂದಿನ ವಾರ ಮಗಳು ಅವಳನ್ನ ಮೈಸೂರಿಗೆ ಕರ್ಕೊಂಡೋಗಿ, ಯಾವುದೋ ಅಂಗಡೀಲಿ ಕಿವಿ ಚುಚ್ಚೋ ಗನ್ನಿನಲ್ಲಿ ಚುಚ್ಚಿಸಿಕೊಂಡು ಬಂದಳು. ಮೊಮ್ಮಗಳು ಓಡಿ ಬಂದು ಕಿವಿ ತೋರಿಸಿದಳು. ಹೊಳೆಯೋ ಕಲ್ಲಿನ ಓಲೆ.

"ನೋವಾಯ್ತಾ ಕಂದ?" ಅಂದೆ.

"ಇಲ್ಲ ತಾತ. ಆ ಆಂಟಿನೂ ಏನೂ ಮಾಡಲ್ಲ ಅಂದ್ರು. ಏನೂ ಮಾಡ್ಲಿಲ್ಲ." ಆಮೇಲೆ ನನ್ನ ಮುಖ ನೋಡಿ, ಮೊಣಕಾಲು ತಟ್ಟಿ ಸಮಾಧಾನ ಹೇಳಿದಳು: "ಅವರು ನಿನ್ನಂಗೆ ಸುಳ್ಳು ಹೇಳಲ್ಲ ತಾತ."