ದ್ರೌಪದಿಯ ಪಾಸ್‌ಪೋರ್ಟು

ಮಲಪನಗುಡಿಯ ಜಂಬವ್ವನಿಗೆ ಹಾಡು, ಕುಣಿತ, ಮಾತು ಎಲ್ಲ ಬರುತ್ತಿತ್ತು. ಅಳು ಒಂದು ಬರುತ್ತಿರಲಿಲ್ಲ. ಹೆಂಗಸರೇ ಸೇರಿ ಆಡುವ ಬಯಲಾಟದಲ್ಲಿ ಅವಳದು ದ್ರೌಪದಿ. ಸೀರೆ ಸೆಳೆಯುವ ಸನ್ನಿವೇಶದಲ್ಲೂ ಖುಷಿ ತಡೆಯಲಾಗದೆ ಹಲ್ಲು ಬಿಡುತ್ತಿದ್ದಳು.

"ದುಶ್ಯಾಸನ ಸೀರಿ ಎಳಿಯಾಕ ಬಂದಾನಬೇ, ಉಡುಗೊರಿ ಕೊಡಾಕಲ್ಲ!" ಎಂದು ಆಟ ಕಲಿಸುವ ಮಾಸ್ತರ ಪಕ್ಕೀರಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದ.

ಖುಷಿಗೆ ಕಾರಣವಿತ್ತು. ಚಿಕ್ಕವಳಿದ್ದಾಗ ಒಮ್ಮೆ ಆಟಕ್ಕೆಂದು ಬಣ್ಣ ಹಚ್ಚಿಕೊಂಡಿದ್ದಳು. ಅವಳವ್ವ ಕೆನ್ನೆ ತಿಕ್ಕಿ ತೊಳೆದು, ಸೊಂಟಕ್ಕೆ ತಮ್ಮನನ್ನು ಏರಿಸಿದ್ದಳು. ಆ ಬಣ್ಣ ಮತ್ತೆ ಸಿಕ್ಕಿದ್ದು ಅಜ್ಜಿಯಾದ ಮೇಲೆ.

ಅಷ್ಟರಲ್ಲೇ ಐರ್ಲೆಂಡಿನಿಂದ ಕರೆ. ಅಲ್ಲಿ ನರ್ಸ್ ಆಗಿರುವ ಮಗಳು ಗಂಗೋತ್ರಿಗೆ ಮೇಲಿನ ಕೋರ್ಸಿಗೆ ಸೀಟು ಸಿಕ್ಕಿತ್ತು. ಕೂಸನ್ನು ನೋಡಿಕೊಳ್ಳಲು ಅವ್ವ ಬರಬೇಕು. ವೀಸಾ, ಟಿಕೀಟು ಎಲ್ಲ ಆಗಿ, ಈಗ ನಾಳೆಯೇ ವಿಮಾನ. ಒಲ್ಲೆ ಎನ್ನಲು ಬಾಯಿ ಬಾರದ ಜಂಬವ್ವ, ಬೆಳಿಗ್ಗೆ ಪಾಸ್‌ಪೋರ್ಟನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟು, "ಎಲ್ಲೋ ಕಳದೋತು" ಎಂಬ ಸುಳ್ಳನ್ನು ಬಾಯಿಪಾಠ ಮಾಡುತ್ತಾ ತಾಲೀಮಿಗೆ ಹೋದಳು.

ವಾಪಸು ಬಂದರೆ ಮನೆಯಲ್ಲಿ ಬಿಟ್ಟಿದ್ದ ಫೋನು ಬಡಿದುಕೊಳ್ಳುತ್ತಿತ್ತು.

"ಅವ್ವಾ, ನೀ ಬರಬ್ಯಾಡ," ಗಂಗೋತ್ರಿಯ ದನಿ ಒದ್ದೆಯಾಗಿತ್ತು. "ಆಗಳೆ ಫೋನ್ ಮಾಡಿದಾಗ ಬಾಜೂಮನಿ ಯಮನಮ್ಮ ಚಿಗವ್ವ ಎತ್ತಿದ್ಲು. ಆಟದ್ದು ಎಲ್ಲಾ ಹೇಳಿದ್ಲು. ನೀ ದ್ರೌಪದಿ ಆಗು. ನಾ ಕೋರ್ಸ್ ಬಿಡ್ತೀನಿ."

ಜಂಬವ್ವನಿಗೆ ಕೆನ್ನೆ ತಿಕ್ಕಿದ ಅವ್ವನ ಕೈ ನೆನಪಾಯಿತು. ಅವ್ವ ತನಗೆ ಮಾಡಿದ್ದನ್ನೇ ತಾನು ಮಗಳಿಗೆ ಮಾಡಲು ಹೊರಟಿದ್ದಳಲ್ಲ!

"ಬಿಟ್ಟೀಯಂದ್ರ ನೋಡು! ನಾ ಬಂದ ಬರ್ತೀನಿ," ಎಂದು ಫೋನಿಟ್ಟು ಅಡಿಗೆಮನೆಗೆ ಓಡಿದಳು. ಜೋಳದ ಡಬ್ಬಿಯೇ ಇರಲಿಲ್ಲ.

ಬಾಗಿಲಲ್ಲಿ ಯಮನಮ್ಮ ಬೀಗುತ್ತಾ ನಿಂತಿದ್ದಳು. "ಪರದೇಶದಾಗ ರೊಟ್ಟಿ ಹಿಟ್ಟು ಎಲ್ಲಿ ಸಿಗಬೇಕಬೇ ಅಕ್ಕಾ? ನಿನ್ನ ಸಲುವಾಗಿ ಗಿರಣಿಗೆ ಕೊಟ್ಟು ಬಂದೀನಿ. ಜಲ್ದಿ ಆಕ್ಕತಿ."

ಜಂಬವ್ವ ಸೀರೆ ಎತ್ತಿ ಕಟ್ಟಿ ಓಡಿದಳು. ಗಿರಣಿಯ ಮೂಕಣ್ಣ ಯಂತ್ರ ನಿಲ್ಲಿಸಿ ಬೈಯುತ್ತಿದ್ದ. "ಜ್ವಾಳದಾಗ ಏನ್ ಹಾಕಿದ್ದೆಬೇ? ಕಲ್ಲಿಗೆ ಸಿಕ್ಕೊಂಡು ಕುಂತೈತಿ!"

ಹಿಟ್ಟಿನಲ್ಲಿ ಪಾಸ್‌ಪೋರ್ಟಿನ ನೀಲಿ ಚಿಂದಿಗಳು. ಒಂದರಲ್ಲಿ ಅವಳದೇ ಅರ್ಧ ಮುಖ, ಹಿಟ್ಟು ಮೆತ್ತಿ ಬಣ್ಣ ಹಚ್ಚಿದಂತಿತ್ತು. ಹೊಸ ಪಾಸ್‌ಪೋರ್ಟು ಬರುವವರೆಗೆ ಮಗಳ ಸೀಟು ಕಾಯುವುದಿಲ್ಲ.

ಸಂಜೆ ತಾಲೀಮಿನಲ್ಲಿ ದುಶ್ಯಾಸನ ಸೆರಗು ಹಿಡಿಯುವ ಮೊದಲೇ ಜಂಬವ್ವ ಕುಸಿದು ಕುಳಿತು, "ಗಂಗೋತ್ರೀ..." ಎಂದು ನೆಲ ಬಡಿದು ಅತ್ತಳು.

ಪಕ್ಕೀರಪ್ಪ ಕುಣಿದಾಡಿಬಿಟ್ಟ. "ಬೇಷ್ ಜಂಬವ್ವ! ಈಗ ಬಂತು ನೋಡು ಅಳು! ಆಟದ ದಿನಾನೂ ಹಿಂಗ ಅಳಬೇಕು. ಕೃಷ್ಣಾ ಅಂತ ಕರಿಯೋದೊಂದು ಮರೀಬ್ಯಾಡ, ಅಷ್ಟ."