ಹದಿನೈದು ಚದರಡಿಯ ರೈಲ್ವೆ

ಯಲಬುರ್ಗಿಯಿಂದ ಗಂಗಾವತಿಯವರೆಗೆ ತನ್ನ ಸರಪಳಿ ಬೀಳದ ಹೊಲವಿಲ್ಲ ಎಂದು ಹೇಳಿಕೊಳ್ಳುತ್ತಿದ್ದ ಉಮಾಪತಿ, ಜಮೀನು ಅಳೆಯುವ ಅಮೀನ. ಸಾವಿರದ ಒಂಬೈನೂರ ಮೂವತ್ತೊಂಬತ್ತರ ಬೇಸಿಗೆಯ ಒಂದು ಬೆಳಿಗ್ಗೆ, ಕೊಪ್ಪಳದ ತನ್ನ ಮನೆಯೊಳಗೇ ರೈಲ್ವೆ ಸ್ಥಾಪಿಸುವುದಾಗಿ ಅವನು ಘೋಷಿಸಿದ. ಸರ್ಕಾರಕ್ಕೆ ವರ್ಷಗಟ್ಟಲೆ ಹಿಡಿದ ಕೆಲಸ ತನಗೆ ಒಂದು ಬೆಳಗಿನದಂತೆ!

ಮುಂಬೈಯ ಅಂಗಡಿಯೊಂದರ ಪಟ್ಟಿಯಲ್ಲಿ ಕೀಲಿ ಕೊಟ್ಟರೆ ಓಡುವ ಆಟದ ರೈಲು ಎರಡು ಅಳತೆಯಲ್ಲಿತ್ತು. ದೊಡ್ಡದು ಒಂದು ಸುತ್ತು ತಿರುಗಲು ನಾಲ್ಕಡಿ ಅಗಲ ಬೇಕು. ಸಣ್ಣದಕ್ಕೆ ಎರಡೂವರೆ ಸಾಕು. ಮನೆಯಲ್ಲಿದ್ದದ್ದು ಒಂದೇ ಮೇಜು, ಐದಡಿ ಉದ್ದ, ಮೂರಡಿ ಅಗಲ. ಸಣ್ಣದನ್ನು ತರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರ ಎಂಜಿನ್ ಜಿರಲೆಗೆ ಗಾಲಿ ಹಚ್ಚಿದಂತಿದೆ ಎಂದು ಉಮಾಪತಿ ಮೂಗು ಮುರಿದ.

ಆ ಮೇಜಿನ ಮೇಲೆ ಹೆಂಡತಿ ಶಂಕ್ರಮ್ಮನ ಕಣ್ಣೂ ಇತ್ತು. ತವರಿನಿಂದ ಬಂದ ಹೊಲಿಗೆ ಯಂತ್ರವನ್ನು ನೆಲದ ಮೇಲಿಟ್ಟು, ಬಾಗಿ ಕೈಯಿಂದ ತಿರುವಿ ತಿರುವಿ ಅವಳ ಸೊಂಟ ಹಿಡಿದುಹೋಗಿತ್ತು. ದೊಡ್ಡ ರೈಲು ಮೇಜು ದಾಟುತ್ತದೆ, ಸಣ್ಣದನ್ನೇ ತರಿಸಿ ಎಂದಳು.

“ನಿನಗ ಲೆಕ್ಕ ತಿಳೀದು,” ಎಂದ ಉಮಾಪತಿ. “ಟೇಬಲ್ ಹದಿನೈದು ಚದರಡಿ. ಹಳಿ ಸುತ್ತು ಹಿಡಿಯೂ ಜಾಗ ಹನ್ನೆರಡೂವರಿ. ಉಳಿದದ್ದರಾಗ ಸ್ಟೇಷನ್ ಕಟ್ಟಬಹುದು.”

“ಒಂದು ಗಜ ಅರಿವಿ ಕೊಟ್ಟೀನಿ ಅಂತ ನಾಕು ಬೆರಳು ಅಗಲದ ಉದ್ದನ ಲಾಡಿ ಕೊಟ್ರ, ಅದರಾಗ ಕುಬಸ ಹೊಲಿಯಾಕ ಬರತೈತೇನ್ರಿ?”

ಅಮೀನನಿಗೆ ಕುಬಸದ ಉಪಮೆಯೇ! ದೊಡ್ಡದಕ್ಕೇ ಬರೆದು ಹಾಕಿದ. ಕಡೆಗೆ ಕರಾರಾಯಿತು. ರೈಲು ಬೀಳದೆ ಹತ್ತು ಸುತ್ತು ಓಡಿದರೆ ಮೇಜು ಅವನದು. ಬಿದ್ದರೆ ಹೊಲಿಗೆ ಯಂತ್ರದ್ದು. ಪಕ್ಕದ ಮನೆಯ ನಸೀಮಾಬಿ ಸಾಕ್ಷಿ.

ತಿಂಗಳೊಪ್ಪತ್ತಿನಲ್ಲಿ ಪಾರ್ಸಲ್ ಬಂತು. ಹಳಿ ಜೋಡಿಸಿ ನೋಡಿದರೆ ಮೇಜಿನ ಎರಡೂ ಬದಿ ಅರ್ಧರ್ಧ ಅಡಿ ರೈಲ್ವೆ ಗಾಳಿಯಲ್ಲಿ ನಿಂತಿತ್ತು. ಶಂಕ್ರಮ್ಮ ಹೊಲಿಗೆ ಯಂತ್ರದ ಧೂಳು ಒರೆಸತೊಡಗಿದಳು. ಅದು ಇನ್ನೂ ಚುಚ್ಚಿತು. ದೊಡ್ಡ ರೈಲ್ವೆಗೆ ಸೇತುವೆ ಇರುವುದು ಸಹಜ ಎಂದು ಉಮಾಪತಿ ಸಾರಿದ. ಒಂದು ಬದಿಗೆ ಟ್ರಂಕು, ಅದರ ಮೇಲೆ ಅಕ್ಕಿ ಡಬ್ಬಿ, ಅದರ ಮೇಲೆ ಊಟದ ಮಣೆ. ಇನ್ನೊಂದು ಬದಿಗೆ ಮೂರು ಹಾಸಿಗೆ ಸುರುಳಿ, ಮೇಲೆ ಪಹಣಿ ದಫ್ತರ. ಕೀಲಿ ತಿರುವಿದ. ಎಂಜಿನ್ ಹೊರಟಿತು. ನಸೀಮಾಬಿ ಒಂದು, ಎರಡು ಎಂದು ಎಣಿಸಿದಳು. ಮೂರಕ್ಕೆ ಹಾಸಿಗೆ ಸುರುಳಿಗಳು ನಿಟ್ಟುಸಿರು ಬಿಟ್ಟವು. ಎಂಜಿನ್ ತನ್ನ ಸಮಸ್ತ ಡಬ್ಬಿಗಳ ಸಮೇತ, ರೊಟ್ಟಿಗೆಂದು ಕೆಳಗಿಟ್ಟಿದ್ದ ಜೋಳದ ಹಿಟ್ಟಿನ ಪರಾತದಲ್ಲಿ ಇಳಿಯಿತು.

“ಎರಡ ಸುತ್ತಿಗೆ ಗಾಡಿ ಊಟಕ್ಕ ಇಳೀತಲ್ರೀ ಅಮೀನಸಾಬ್ರ,” ಎಂದಳು ನಸೀಮಾಬಿ.

ಉಮಾಪತಿ ಹಿಟ್ಟು ಊದಿ ಎಂಜಿನ್ ಎತ್ತಿಕೊಂಡ. “ಅಳತಿ ಸರಿ ಐತಿ. ಟೇಬಲ್ಲ ತಪ್ಪೈತಿ.”

ಅಳತೆಯ ಮಾನ ಕಾಯಲು ಇಡೀ ರೈಲ್ವೆಯನ್ನು ಪಡಸಾಲೆಯ ನೆಲಕ್ಕಿಳಿಸಿದ. ಅಲ್ಲಿ ಅದು ರಾಜಗಾಂಭೀರ್ಯದಿಂದ ಓಡಿತು. ಹೊಟ್ಟೆಯ ಮೇಲೆ ಮಲಗಿ ತಾನೇ ಎಣಿಸಿದ. ಹತ್ತಲ್ಲ, ಹನ್ನೆರಡು ಸುತ್ತು! ಗೆದ್ದ ಮುಖ ಹೊತ್ತು ಎದ್ದು ತಿರುಗಿದರೆ, ಮೇಜಿನ ಮೇಲೆ ಹೊಲಿಗೆ ಯಂತ್ರ ಕೂತಿತ್ತು. ಸೂಜಿಗೆ ದಾರವನ್ನೂ ಪೋಣಿಸಿಯಾಗಿತ್ತು. ತಪ್ಪಿರುವ ಮೇಜು ನಿಮಗೇಕೆ ಎಂದು ಶಂಕ್ರಮ್ಮ ಮೆಲ್ಲಗೆ ಕೇಳಿದಳು.

ಅವಳು ಹಿಟ್ಟಿನ ಪರಾತ ಹೊತ್ತು ನಿಂತಿದ್ದಳು. ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಹಳಿ ಬಿದ್ದಿತ್ತು.

“ಜನರ ಹಾದಿಗೆ ಅಡ್ಡ ಬೇಲಿ ಹಾಕಿದವರಿಗೆ, ಕಿತ್ತು ತಗೀರಿ ಅಂತ ನೀವು ಎಷ್ಟು ಮುದ್ದತ್ ಕೊಡ್ತೀರಿ?”

ಕಾಯ್ದೆಯ ವಿಷಯದಲ್ಲಿ ಉಮಾಪತಿ ಸುಳ್ಳಾಡುವವನಲ್ಲ. “ಹದಿನೈದು ದಿನ,” ಎಂದ.

“ಸರ್ಕಾರ ದೊಡ್ಡದು, ಹದಿನೈದು ದಿನ ಕಾಯತೈತಿ,” ಎಂದಳು ಶಂಕ್ರಮ್ಮ. “ನಾ ಎಸರು ಕುದಿಯೂತನಕ ಕಾಯ್ತೀನಿ.”

ಒಳಗೆ ಎಸರು ಆಗಲೇ ಕುದಿಯುತ್ತಿತ್ತು.