ಬಾಗಿಲಲ್ಲಿ ನಿಲ್ಲುವ ಭಾವ

ನಮ್ಮ ಭಾವ ಅಗ್ನಿಶಾಮಕ ದಳದಲ್ಲಿದ್ದಾರೆ. ಹಾಗೆಂದ ಮಾತ್ರಕ್ಕೆ ಅವರು ಬೆಂಕಿ ಆರಿಸುತ್ತಾರೆ ಎಂದು ನೀವು ತಿಳಿದುಕೊಂಡರೆ ಅದು ನಿಮ್ಮ ತಪ್ಪು! ಅವರ ಮನೆಯಲ್ಲಿ ಗ್ಯಾಸ್ ಒಲೆ ಆರಿಸುವವಳು ನಮ್ಮ ಅಕ್ಕ. ದೇವರ ಮುಂದಿನ ಕರ್ಪೂರ ಪಾಪ ತಾನಾಗಿಯೇ ಆರುತ್ತದೆ. ಭಾವ ಯಾವುದಕ್ಕೂ ಕೈ ಹಾಕಿದ್ದನ್ನು ನಾನು ಕಂಡಿಲ್ಲ.

ಮದುವೆಯಾದ ಹೊಸದರಲ್ಲಿ ಅಕ್ಕ ತುಮಕೂರಿನ ತನ್ನ ಬೀದಿಯಲ್ಲೆಲ್ಲ "ನಮ್ಮನೆಯವ್ರು ಫೈರ್ ಸರ್ವಿಸ್‌ನಲ್ಲಿದಾರೆ" ಎಂದು ಹೇಳಿಕೊಂಡು ಬಂದಿದ್ದಳು. ಪಕ್ಕದ ಮನೆಯಾಕೆಗೆ ಕುತೂಹಲ ತಡೆಯಲಾಗಲಿಲ್ಲ. ಭಾವನನ್ನೇ ಹಿಡಿದು ನಿಲ್ಲಿಸಿ, "ಉರೀತಿರೋ ಮನೆಗೆ ಏಣಿ ಹಾಕಿ, ಕಿಟಕೀಲಿ ನುಗ್ಗಿ, ಮಗು ಎತ್ಕೊಂಡು ಬರ್ತೀರಾ ಅಣ್ಣಾ?" ಎಂದು ಕೇಳಿದರು. ಅಕ್ಕ ಹೆಮ್ಮೆಯಿಂದ ಗಂಡನ ಮುಖ ನೋಡಿದಳು. ಭಾವ ಬಹಳ ಗಂಭೀರವಾಗಿ, "ಇಲ್ಲಮ್ಮ, ನಾನು ಬಾಗಿಲಲ್ಲಿ ನಿಂತಿರ್ತೀನಿ" ಎಂದರು. ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವವರ ಹಾಗೆ! ಅಕ್ಕ ಅವತ್ತಿನಿಂದ ಗಂಡನ ಉದ್ಯೋಗದ ವಿಷಯ ಬೀದಿಯಲ್ಲಿ ಎತ್ತುವುದನ್ನೇ ನಿಲ್ಲಿಸಿದಳು.

ಬಾಗಿಲಲ್ಲಿ ನಿಂತು ಮಾಡುವ ಕೆಲಸವೇನೆಂದು ಭಾವನೇ ನನಗೊಮ್ಮೆ ವಿವರಿಸಿದರು. ಬೆಂಕಿ ಬಿದ್ದ ಕಟ್ಟಡದೊಳಗೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಮುಸುಕು ಹಾಕಿಕೊಂಡಿರುತ್ತಾರೆ. ಒಬ್ಬೊಬ್ಬರ ಹತ್ತಿರವೂ ತಮ್ಮ ಹೆಸರಿನ ಒಂದೊಂದು ಬಿಲ್ಲೆ ಇರುತ್ತದೆ. ಒಳಗೆ ಹೋಗುವ ಮುಂಚೆ ಅದನ್ನು ಭಾವನ ಕೈಗೆ ಕೊಡಬೇಕು. ಭಾವ ಅದನ್ನು ತಮ್ಮ ಕೈಲಿರುವ ಹಲಗೆಯ ಮೇಲಿನ ಕೊಕ್ಕೆಗೆ ಸಿಕ್ಕಿಸಿ, ಯಾರ ಸಿಲಿಂಡರಿನಲ್ಲಿ ಎಷ್ಟು ಗಾಳಿಯಿದೆ, ಯಾರು ಎಷ್ಟು ಹೊತ್ತಿಗೆ ಒಳಗೆ ಹೋದರು ಎಂದು ಬರೆದುಕೊಳ್ಳುತ್ತಾರೆ. ಗಾಳಿ ಮುಗಿಯುವ ಮುಂಚೆ ಹೊರಗೆ ಕರೆಯುತ್ತಾರೆ. ಹೊರಗೆ ಬಂದವರು ತಮ್ಮ ಬಿಲ್ಲೆಯನ್ನು ತಾವೇ ಬಿಡಿಸಿಕೊಂಡು ಹೋಗಬೇಕು. ಹಲಗೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಮನುಷ್ಯ ಒಳಗಿದ್ದಾನೆ ಎಂದರ್ಥ.

"ಇಷ್ಟೇನಾ ಭಾವ?" ಎಂದೆ ನಾನು. "ಇಷ್ಟೇ ಕಣಮ್ಮ" ಎಂದರು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು! ಆದರೆ ನಾಯಿಯ ಹಿಂದಿನ ಬಾಲದ ಹಾಗೆ ಈ ಕೆಲಸ ಅವರ ಬೆನ್ನಿಗೇ ಅಂಟಿಕೊಂಡು ಮನೆಗೂ ಬಂತು. ಅಕ್ಕ ಸ್ನಾನಕ್ಕೆ ಹೋದರೆ ಭಾವ ಬಚ್ಚಲಮನೆಯ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ. ಪುಟ ತಿರುಗಿಸಿದಾಗಲೆಲ್ಲ ಒಂದು ಪ್ರಶ್ನೆ.

"ಕಿಟಕಿ ತೆಗ್ದಿದೀಯಾ?"

"ತೆಗ್ದಿದೀನಿ."

"ಗ್ಯಾಸ್ ಗೀಸರ್ ಆಫ್ ಮಾಡಿದ್ಯಾ?"

"ಮಾಡಿದೀನಿ ಕಣ್ರೀ!"

"ಉಸಿರಾಡಕ್ಕೆ ಆಗ್ತಾ ಇದ್ಯಾ?"

"ನೀವು ಅಲ್ಲಿಂದ ಎದ್ದೋದ್ರೆ ಆಗುತ್ತೆ!"

ಈ ಉತ್ತರ ಬಂದರೆ ಭಾವನಿಗೆ ಸಮಾಧಾನ. ಬೈಯುವಷ್ಟು ಉಸಿರಿದೆ ಎಂದರೆ ಒಳಗಿರುವವರು ಕ್ಷೇಮ ಎಂಬುದು ಅವರ ಲೆಕ್ಕಾಚಾರ. ಈ ಲೆಕ್ಕಾಚಾರದಲ್ಲಿ ನಮ್ಮ ಅಕ್ಕ ಶತಾಯುಷಿ.

ಇನ್ನು ಪ್ರಯಾಣ! ಭಾವನ ಜೊತೆ ಬಸ್ಸಿನಲ್ಲಿ ಹೋಗುವುದಕ್ಕಿಂತ ನಡೆದುಕೊಂಡು ಹೋಗುವುದು ಮೇಲು. ಒಮ್ಮೆ ಅಮೃತೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಪ್ರೈವೇಟ್ ಬಸ್ಸಿನಲ್ಲಿ ಬರುತ್ತಿದ್ದೆವು. ಕುಣಿಗಲ್‌ನಲ್ಲಿ ಬಸ್ಸು ಟೀ ಕುಡಿಯಲು ನಿಂತಿತು. ಜನ ಇಳಿದರು, ಹತ್ತಿದರು. ಕಂಡಕ್ಟರ್ "ರೈಟ್" ಎಂದ ತಕ್ಷಣ ಭಾವ ಸೀಟಿನಿಂದ ಎದ್ದು ನಿಂತು, "ನಿಲ್ಸಿ! ಒಬ್ರು ಬಂದಿಲ್ಲ" ಎಂದು ಕೂಗಿದರು.

"ಯಾರ್ ಸಾರ್ ಬಂದಿಲ್ಲ?"

"ಹಸಿರು ಸೀರೆ ಅಜ್ಜಿ. ಕಿಟಕಿ ಪಕ್ಕ ಕೂತಿದ್ರು. ಮಡಿಲಲ್ಲಿ ಕುಂಬಳಕಾಯಿ ಇತ್ತು."

ಭಾವ ಎಷ್ಟು ಖಚಿತವಾಗಿ ಹೇಳಿದರೆಂದರೆ ಇಡೀ ಬಸ್ಸಿಗೆ ಅಜ್ಜಿಯ ಮೇಲೆ ಕನಿಕರ ಹುಟ್ಟಿತು. ಒಬ್ಬರು ಟೀ ಅಂಗಡಿಯ ಹಿಂದೆ ಹುಡುಕಿದರು, ಇನ್ನೊಬ್ಬರು ಹೆಂಗಸರ ಶೌಚಾಲಯದ ಹೊರಗೆ ನಿಂತು "ಅಜ್ಜೀ" ಎಂದು ಕೂಗಿ ಬೈಸಿಕೊಂಡರು. ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಊರನ್ನೇ ಎಬ್ಬಿಸಿದ. ಕೊನೆಗೆ ಕಂಡಕ್ಟರಿಗೆ ಜ್ಞಾನೋದಯವಾಗಿ, "ಅಯ್ಯೋ ಸಾರ್, ಆವಮ್ಮ ಟಿಕೆಟ್ ತಗಂಡಿದ್ದೇ ಕುಣಿಗಲ್‌ಗೆ! ಇಳ್ದು ಮಗಳ ಮನೆಗೆ ಹೋಗಾಯ್ತು, ಈಗ ಕುಂಬಳಕಾಯಿ ಸಾರಿಗೂ ಬಿದ್ದಿರುತ್ತೆ!" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಮತ್ತು ಅಕ್ಕ ತುಮಕೂರು ಬರುವ ತನಕ ಕಿಟಕಿಯ ಆಚೆ ತೆಂಗಿನ ಮರಗಳನ್ನೇ ನೋಡಿಕೊಂಡು ಬಂದೆವು. ಭಾವನಿಗೆ ಮಾತ್ರ ಒಂದಿಷ್ಟೂ ಮುಜುಗರವಿಲ್ಲ. "ಮನೆಗೆ ಹೋದ್ರಂತಲ್ಲ, ಒಳ್ಳೇದಾಯ್ತು" ಎಂದು ನೆಮ್ಮದಿಯಾಗಿ ನಿದ್ದೆ ಹೋದರು.

ಹುತ್ರಿದುರ್ಗಕ್ಕೆ ಹೋದಾಗಿನ ಕಥೆಯನ್ನು ನಮ್ಮ ದೊಡ್ಡಮ್ಮನ ಮುಂದೆ ಈಗಲೂ ಎತ್ತುವ ಹಾಗಿಲ್ಲ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಕುಣಿಗಲ್‌ನವರು. ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲದಿದ್ದರೂ ಬೆಟ್ಟ ಹತ್ತುವುದರಲ್ಲಿ ನಮ್ಮನ್ನೆಲ್ಲ ಮೀರಿಸುವ ಗಟ್ಟಿಗಿತ್ತಿ. ಅವತ್ತು ಭಾವ ಮಂಡಿನೋವೆಂದು ಕೆಳಗೇ ಮರದ ನೆರಳಲ್ಲಿ ಉಳಿದರು. ಉಳಿದವರು ಸುಮ್ಮನಿರಬೇಕಲ್ಲ? "ಕೋಟೆ ಅಂದ್ಮೇಲೆ ಬಂಡೆ, ಪೊದೆ ಎಲ್ಲಾ ಇರುತ್ತೆ. ಒಬ್ಬೊಬ್ರೂ ಒಂದೊಂದು ವಸ್ತು ನನ್ ಕೈಲಿ ಕೊಟ್ಟು ಹೋಗಿ. ಬಿಟ್ಟಿರಕ್ಕಾಗದೇ ಇರೋಂಥದ್ದು ಆಗ್ಬೇಕು. ವಾಪಸ್ ಬಂದು ಇಸ್ಕೊಳಿ" ಎಂದು ಟವೆಲ್ ಹಾಸಿ ಕೂತರು.

ನಾನು ಕನ್ನಡಕ ಕೊಡಲು ಹೋದೆ. "ಅದು ಬೇಡ, ಬಿದ್ದುಬುಡ್ತೀಯ" ಎಂದು ವಾಚು ಇಸಿದುಕೊಂಡರು. ಅಕ್ಕ ಹಲ್ಲು ಕಡಿಯುತ್ತಾ, "ತಾಳಿ ಬಿಚ್ಚಿ ಕೊಡ್ಲಾ?" ಎಂದಳು.

"ಬೇಡ ಕಣೇ, ಮೊಬೈಲ್ ಕೊಡು. ಅದನ್ನ ಬಿಟ್ಟು ನೀನಿರಲ್ಲ."

ದೊಡ್ಡಮ್ಮನ ಹತ್ತಿರ ವಾಚೂ ಇಲ್ಲ, ಮೊಬೈಲೂ ಇಲ್ಲ. ಒಂದು ಗಳಿಗೆ ಯೋಚಿಸಿದವರೇ ಬಾಯಿಂದ ಹಲ್ಲಿನ ಸೆಟ್ಟನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿ ಅಳಿಯನ ಕೈಗಿಟ್ಟರು. ಭಾವ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಮೇಲೆ ಹೋಗಿ ಗಾಳಿಗೆ ಕೂತು ಬುತ್ತಿ ಬಿಚ್ಚಿದಾಗಲೇ ಅನಾಹುತ ಗೊತ್ತಾದದ್ದು. ತಂದಿದ್ದು ಚಕ್ಕುಲಿ, ನಿಪ್ಪಟ್ಟು! ಅದೂ ದೊಡ್ಡಮ್ಮ ಬೆಳಗ್ಗೆ ಎದ್ದು ತಾವೇ ಕರಿದದ್ದು. ನಾವು ಕರುಂಕುರುಂ ಎಂದು ಅಗಿಯುತ್ತಿದ್ದರೆ ಅವರು ನಿಪ್ಪಟ್ಟನ್ನು ನೀರಿನ ಲೋಟದಲ್ಲಿ ನೆನೆಹಾಕಿ ಕೋಟೆಗೋಡೆಯನ್ನು ದುರುಗುಟ್ಟಿ ನೋಡುತ್ತಾ ಕೂತರು. ಇಳಿಯುವಾಗ ಎಲ್ಲರಿಗಿಂತ ಮುಂದೆ ಅವರೇ. ಕರ್ಚೀಫು ಕಿತ್ತುಕೊಂಡು, ಹಲ್ಲು ಕೂರಿಸಿಕೊಂಡು, ಆ ಹಲ್ಲಿನಿಂದ ಮಾಡಿದ ಮೊದಲ ಕೆಲಸವೆಂದರೆ ಅಳಿಯನನ್ನು ಬೈದದ್ದು. ಭಾವ ನಗುತ್ತಾ ಟವೆಲ್ ಕೊಡವಿ, "ಎಲ್ರೂ ಬಂದ್ರಿ. ನಡೀರಿ" ಎಂದರು.

ಭಾವನನ್ನು ಗೇಲಿ ಮಾಡುವುದರಲ್ಲಿ ನಮಗೆಲ್ಲ ಗುರುವೆಂದರೆ ಸಿದ್ದೇಶಣ್ಣ. ಭಾವನ ಜೊತೆಯೇ ಕೆಲಸಕ್ಕೆ ಸೇರಿದವರು, ಜೊತೆಯಲ್ಲೇ ತಲೆ ಬೆಳ್ಳಗಾದವರು. ಭಾವ ಬಾಗಿಲಲ್ಲಿ ನಿಲ್ಲುವವರಾದರೆ ಇವರು ಒಳಗೆ ನುಗ್ಗುವವರು. ರಜೆ ಸಿಕ್ಕಿದರೆ ಅಕ್ಕನ ಮನೆಯಲ್ಲಿ ಮುದ್ದೆ ಬಸ್ಸಾರಿಗೆ ಹಾಜರು. "ನೋಡಕ್ಕ, ನಿಮ್ಮೆಜಮಾನ್ರು ಬಿಲ್ಲೆ ಕೊಡ್ದಿದ್ರೆ ಬೆಂಕೀನೂ ಒಳಕ್ಕೆ ಬುಡಲ್ಲ! ನಾನು ಸತ್ ಮೇಲೆ ಯಮನ ಬಾಗ್ಲಲ್ಲೂ ಹಲಗೆ ಹಿಡ್ಕೊಂಡು ನಿಂತಿರ್ತಾರೆ" ಎನ್ನುತ್ತಿದ್ದರು. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಭಾವ ಮಾತ್ರ, "ಅಂಥ ಮಾತು ಊಟದ ಹೊತ್ತಲ್ಲಿ ಆಡ್ಬೇಡ ಕಣ್ಲಾ" ಎಂದು ಎರಡನೇ ಮುದ್ದೆಯನ್ನು ತಾವೇ ಅವರ ತಟ್ಟೆಗೆ ಹಾಕುತ್ತಿದ್ದರು.

ಈ ಭಾವ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಹೋದ ಬೇಸಿಗೆಯಲ್ಲಿ. ನಾನು ಗುಬ್ಬಿಯಲ್ಲಿ ಹೈಸ್ಕೂಲ್ ಮೇಡಂ. ನಮ್ಮ ಶಾಲೆಯ ಹಿಂದಿನ ತೋಟ ದಾಟಿದರೆ ತೆಂಗಿನ ನಾರು ಮಾಡುವ ಒಂದು ಶೆಡ್ಡಿತ್ತು. ಪರೀಕ್ಷೆ ಮುಗಿದು ಪೇಪರ್ ತಿದ್ದುತ್ತಾ ಕೂತಿದ್ದ ಒಂದು ಮಧ್ಯಾಹ್ನ ಆ ಶೆಡ್ಡಿಗೆ ಬೆಂಕಿ ಬಿತ್ತು. ಒಣಗಿದ ನಾರು ಎಂದರೆ ಕೇಳಬೇಕೇ? ಉರಿಗಿಂತ ಹೊಗೆ ಹೆಚ್ಚು. ಕೆಲಸದವರೆಲ್ಲ ಆಗಲೇ ಆಚೆ ಓಡಿಬಂದಿದ್ದರು. ಗುಬ್ಬಿಯ ಗಾಡಿ ಸಾಲದೆ ತುಮಕೂರಿನಿಂದ ಇನ್ನೊಂದು ಗಾಡಿ ಬಂತು. ಅದರಿಂದ ಸಿದ್ದೇಶಣ್ಣ ಇಳಿದರು. ಅವರ ಹಿಂದೆ, ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ನಮ್ಮ ಭಾವ!

ಸುತ್ತ ಜಾತ್ರೆಯಂತೆ ಜನ. ನಮ್ಮನ್ನೆಲ್ಲ ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದರು. ಒಳಗಿನ ರಾಶಿಗಳಿಗೆ ನೀರು ಮುಟ್ಟಲೆಂದು ಸಿದ್ದೇಶಣ್ಣ ಮತ್ತು ಇನ್ನೂ ಕೆಲವರು ಮುಸುಕು ಹಾಕಿ, ಬಿಲ್ಲೆ ಕೊಟ್ಟು, ಹೊಗೆಯೊಳಗೆ ಕಾಣೆಯಾದರು. ಭಾವ ಬಾಗಿಲಿನ ಎದುರು ನಿಂತರು. ಸುಮ್ಮನೆ ನಿಂತರು. ಗಡಿಯಾರ ನೋಡುವುದು, ವಾಕಿಟಾಕಿಯಲ್ಲಿ ಮಾತಾಡುವುದು, ಬಾಗಿಲು ನೋಡುವುದು.

ನನ್ನ ಪಕ್ಕದಲ್ಲಿದ್ದ ಒಬ್ಬಾತ, "ಆ ವಯ್ಯನ್ನ ನೋಡ್ಲಾ, ಎಲ್ರೂ ಒದ್ದಾಡ್ತಾವ್ರೆ, ಇವ್ನು ಎಗ್ಜಾಮ್ ಬರಿಯೋನಂಗೆ ಪ್ಯಾಡ್ ಹಿಡ್ಕಂಡು ನಿಂತವ್ನೆ!" ಎಂದು ಮೊಬೈಲಿನಲ್ಲಿ ವಿಡಿಯೋ ಮಾಡತೊಡಗಿದ. ನನಗೆ ರೇಗಿತು. ಭಾವನನ್ನು ಗೇಲಿ ಮಾಡುವ ಹಕ್ಕು ನಮ್ಮ ಮನೆಯವರದ್ದು, ಊರವರಿಗೆ ಯಾರು ಕೊಟ್ಟರು? "ಅವರು ನಮ್ಮ ಭಾವ. ಬಾಯಿ ಮುಚ್ಕೊಂಡು ನೋಡ್ರಿ" ಎಂದೆ. ಹೈಸ್ಕೂಲ್ ಮೇಡಂ ಧ್ವನಿಗೆ ಆತ ಮೊಬೈಲನ್ನು ಜೇಬಿಗಿಟ್ಟುಕೊಂಡ.

ಸ್ವಲ್ಪ ಹೊತ್ತಿಗೆ ಶೆಡ್ಡಿನ ಒಂದು ಗೋಡೆ ವಾಲಿತು. ಭಾವ ಸೀಟಿ ಊದಿದರು. ಎಲ್ಲರೂ ಹೊರಗೆ ಬರಬೇಕು ಎಂಬ ಸೂಚನೆ ಅದು. ಮಸಿ ಹತ್ತಿದ ಮುಸುಕಿನವರು ಒಬ್ಬೊಬ್ಬರಾಗಿ ಬಂದು ಬಿಲ್ಲೆ ಬಿಡಿಸಿಕೊಂಡರು. ಗೋಡೆಯನ್ನು ಕೆಡವಿ ನಾರು ಎಳೆದು ಹಾಕಲು ಜೆಸಿಬಿ ಗುರುಗುಟ್ಟುತ್ತಾ ಮುಂದೆ ಬಂತು.

ಭಾವ ಹೋಗಿ ಅದರ ಮುಂದೆ ನಿಂತುಬಿಟ್ಟರು.

"ಏನ್ರೀ ಅದು?" ಎಂದರು ಗಾಡಿಯ ಜೊತೆ ಬಂದಿದ್ದ ಅಗ್ನಿಶಾಮಕ ದಳದ ಸಾಹೇಬರು.

"ಒಂದು ಬಿಲ್ಲೆ ಉಳ್ಕೊಂಡಿದೆ ಸಾರ್. ಸಿದ್ದೇಶಂದು."

"ಎಲ್ರೂ ಬಂದ್ರಲ್ಲ, ನಾನೇ ನೋಡ್ದೆ" ಎಂದ ಶೆಡ್ಡಿನ ಕಡೆಯವನೊಬ್ಬ. "ಮರ್ತು ಹೋಗಿರ್ಬೇಕು, ಬುಡಿ ಸ್ವಾಮಿ. ಇರೋ ಬರೋ ಮಾಲೆಲ್ಲ ಸುಟ್ಟೋಯ್ತದೆ."

"ಮರ್ತಿದ್ರೂ ಸರಿ. ಅವನು ಬಂದು ಬಿಲ್ಲೆ ತಗೊಳೋಗಂಟ ಗೋಡೆ ಮುಟ್ಟಂಗಿಲ್ಲ."

ಭಾವ ವಾಕಿಟಾಕಿಯಲ್ಲಿ ಕರೆದರು. ಉತ್ತರವಿಲ್ಲ. ಮತ್ತೆ ಕರೆದರು. ಆಮೇಲೆ ವಾಕಿಟಾಕಿ ಬಿಟ್ಟು ಬಾಯಿಂದಲೇ "ಸಿದ್ದೇಶಾ!" ಎಂದು ಕೂಗಿದರು. ಅದು ಬಚ್ಚಲ ಬಾಗಿಲಲ್ಲಿ ಕೂತು ಕೇಳುವ ಭಾವನ ಧ್ವನಿಯಾಗಿರಲಿಲ್ಲ. ಸಿಲಿಂಡರಿನಲ್ಲಿ ಗಾಳಿ ಇನ್ನೆಷ್ಟು ಉಳಿದಿರಬಹುದೆಂಬುದು ಭಾವನ ಮುಖದಲ್ಲೇ ಕಾಣುತ್ತಿತ್ತು. ಇಬ್ಬರು ಹೊಸ ಸಿಲಿಂಡರು ಏರಿಸಿಕೊಂಡು ಹುಡುಕಲು ಒಳಗೆ ಹೋಗಲು ಸಿದ್ಧರಾದರು. ಅವರ ಬಿಲ್ಲೆಗಳನ್ನು ಕೊಕ್ಕೆಗೆ ಸಿಕ್ಕಿಸುವಾಗ ಭಾವನ ಕೈ ತಪ್ಪಿ ಒಂದು ಬಿಲ್ಲೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡರು. ನಾನು ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಅಷ್ಟರಲ್ಲಿ ಶೆಡ್ಡನ್ನು ಬಳಸಿಕೊಂಡು ಹಿಂದಿನ ತೋಟದ ಕಡೆಯಿಂದ ಒಬ್ಬರು ಬಂದರು. ಕಂಕುಳಲ್ಲಿ ಹೆಲ್ಮೆಟ್ಟು, ಮುಖದ ತುಂಬ ಮಸಿ, ಕೈಯಲ್ಲಿ ಎಳನೀರು! ಸಾಕ್ಷಾತ್ ಸಿದ್ದೇಶಣ್ಣ.

"ಯಾಕಣ್ಣಾ, ಎಲ್ರೂ ಹಂಗೇ ನಿಂತ್ಬುಟ್ರಿ?" ಎಂದರು.

ನಡೆದದ್ದಿಷ್ಟು. ಗೋಡೆ ವಾಲಿದಾಗ ಮುಂದಿನ ದಾರಿಗೆ ನಾರಿನ ಹೊರೆಗಳು ಉರುಳಿದ್ದವು. ಸಿದ್ದೇಶಣ್ಣ ಹಿಂದಿನ ಷಟರ್ ಎತ್ತಿ ತೋಟದೊಳಗೆ ಬಂದಿದ್ದರು. ವಾಕಿಟಾಕಿ ನೀರು ಕುಡಿದು ಸತ್ತಿತ್ತು. ಕೆಮ್ಮುತ್ತಿದ್ದವರನ್ನು ತೋಟದವರು ಹಿಡಿದು ಕೂರಿಸಿ, ಎಳನೀರು ಕೆತ್ತಿಕೊಟ್ಟು, "ಇನ್ನೊಂದು ಕುಡೀರಿ" ಎಂದು ಉಪಚಾರ ಮಾಡಿದ್ದರು. ತುಮಕೂರು ಸೀಮೆಯಲ್ಲಿ ಎಳನೀರು ಬೇಡ ಎಂದು ಎದ್ದು ಬರುವುದು ಬೆಂಕಿಯಿಂದ ಎದ್ದು ಬರುವುದಕ್ಕಿಂತ ಕಷ್ಟ!

ಜನ ಹೋ ಎಂದು ನಕ್ಕರು. ಇಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರೆಲ್ಲ ನಗುವಾಗಿ ಹೊರಗೆ ಬಂತು. ಶೆಡ್ಡಿನ ಕಡೆಯವನು, "ಎಳನೀರು ಕುಡಿಯೋನಿಗೋಸ್ಕರ ಜೆಸಿಬಿ ನಿಲ್ಸಿ ಬೆಪ್ಪಾದ್ರಲ್ಲ ಸ್ವಾಮಿ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ನಾನು ಹಗ್ಗದಡಿ ನುಸುಳಿ ಭಾವನ ಹತ್ತಿರ ಓಡಿದೆ. ಈಗ ಸಿದ್ದೇಶಣ್ಣನಿಗೆ ಗ್ರಹಚಾರ ಕಾದಿದೆ ಎಂದುಕೊಂಡಿದ್ದೆ. ಭಾವ ಬೈಯಲಿಲ್ಲ. ಹಲಗೆಯನ್ನು ಮುಂದೆ ಹಿಡಿದರು. ಸಿದ್ದೇಶಣ್ಣ ತಲೆ ತಗ್ಗಿಸಿ ತಮ್ಮ ಬಿಲ್ಲೆ ಬಿಡಿಸಿಕೊಂಡರು. ಆಮೇಲೆ ಭಾವ ಹಲಗೆಯನ್ನು ನೆಲಕ್ಕೆ ಹಾಕಿ, ಎರಡೂ ಕೈಯಲ್ಲಿ ಗೆಳೆಯನ ಮುಖ ಹಿಡಿದು, ತಮ್ಮ ಅಂಗಿಯ ತೋಳಿನಿಂದ ಆ ಮಸಿಯನ್ನು ಒರೆಸತೊಡಗಿದರು. ಮಸಿ ಹೋದ ಮೇಲೂ ಒರೆಸುತ್ತಲೇ ಇದ್ದರು.

"ಜನ ನಗ್ತಿದಾರೆ ಭಾವ" ಎಂದೆ ನಾನು, ಮೆಲ್ಲಗೆ.

"ನಗ್ಲಿ ಬುಡಮ್ಮ" ಎಂದರು ಭಾವ. "ಬಿಲ್ಲೆ ಒಂದು ಉಳ್ಕೊಂಡಾಗೆಲ್ಲ ನಾನು ದೇವ್ರನ್ನ ಕೇಳ್ಕೊಳೋದು ಇಷ್ಟೇ ಕಣಮ್ಮ. ಈ ಸಲಾನೂ ನಾನೇ ಬೆಪ್ಪಾಗ್ಲಪ್ಪಾ ಅಂತ."

ಸುತ್ತ ಇನ್ನೂ ಹೊಗೆಯಿತ್ತು. ಅಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಯಾರೂ ಕಾರಣ ಕೇಳುವಂತಿರಲಿಲ್ಲ. ನಾನು ಧಾರಾಳವಾಗಿ ಅತ್ತೆ.